ಹಳೆಯ ಸಿಗ್ನಲ್ ಜನರೇಟರಿನ ಬೆಲೆ ಅದರ ಅಟೆನ್ಯುಯೇಟರಿನಲ್ಲಿದೆ

ಸಂಗ್ರಾಹಕರು ಹಳೆಯ ರೇಡಿಯೊ ಸಿಗ್ನಲ್ ಜನರೇಟರಿನ (ರೇಡಿಯೊಗಳನ್ನು ಪರೀಕ್ಷಿಸಲು ಬೇಕಾದ ಸಿಗ್ನಲನ್ನು ತಯಾರಿಸುವ ಯಂತ್ರದ) ಚಿತ್ರ ಹಾಕಿದಾಗಲೆಲ್ಲ ಕೆಳಗಿನ ಮಾತುಕತೆ ಒಂದೇ ದಾರಿ ಹಿಡಿಯುವುದನ್ನು ನೋಡುತ್ತ ಬಂದಿದ್ದೇನೆ. ಮುಂಭಾಗದ ಬಣ್ಣ ಎಷ್ಟು ಉಳಿದಿದೆ, ಗುಬುಟುಗಳು ಮೂಲದವೇ ಹೌದೇ, ಎಷ್ಟಕ್ಕೆ ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ಆ ಯಂತ್ರ ಒಂದು ಮೈಕ್ರೊವೋಲ್ಟ್ (ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು) ಸಿಗ್ನಲನ್ನು ನಂಬುವಂತೆ ಕೊಡುತ್ತದೆಯೇ ಎಂದು ಕೇಳುವವರು ತೀರ ಅಪರೂಪ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಒಳ್ಳೆಯ ಸಿಗ್ನಲ್ ಜನರೇಟರಿನ ಗುಣ ಅದು ಎಷ್ಟು ಜೋರಾಗಿ ಸಿಗ್ನಲ್ ಕೊಡುತ್ತದೆ ಎಂಬುದರಲ್ಲಿಲ್ಲ. ಎಷ್ಟು ಕಡಿಮೆ ಕೊಡಬಲ್ಲದು, ಮತ್ತು ಆ ಕಡಿಮೆಯನ್ನು ಬಿಟ್ಟು ಬೇರೆಲ್ಲಿಂದಲೂ ಏನನ್ನೂ ಹೊರಬಿಡದೆ ಹೇಗೆ ಸುಮ್ಮನಿರುತ್ತದೆ ಎಂಬುದರಲ್ಲಿದೆ.

ಒಂದು ಲೆಕ್ಕ ನೋಡಿ. 1950ರ ದಶಕದ ಕೊನೆಗೆ ಬಂದ ಹ್ಯೂಲೆಟ್ ಪ್ಯಾಕರ್ಡ್ 606ಎ ಜನರೇಟರ್ 50 ಕಿಲೋಹರ್ಟ್ಸ್‌ನಿಂದ 65 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. ಸಿಗ್ನಲನ್ನು ತಗ್ಗಿಸುವ ಅಟೆನ್ಯುಯೇಟರ್ ಎಂಬ ಭಾಗದ ನೆರವಿನಿಂದ ಅದರ ಔಟ್‌ಪುಟ್ಟನ್ನು 3 ವೋಲ್ಟ್‌ನಿಂದ 0.1 ಮೈಕ್ರೊವೋಲ್ಟ್‌ವರೆಗೆ ಇಳಿಸಬಹುದು. ಇವೆರಡರ ನಡುವೆ ಮೂರು ಕೋಟಿ ಪಟ್ಟು ಅಂತರವಿದೆ. ಅಂದರೆ, ಪೆಟ್ಟಿಗೆಯೊಳಗೆ ವೋಲ್ಟ್‌ಗಟ್ಟಲೆ ಶಕ್ತಿಯಿಂದ ಆಂದೋಲಕವೊಂದು (ಸಿಗ್ನಲನ್ನು ಹುಟ್ಟಿಸುವ ಆಸಿಲೇಟರ್) ಓಡುತ್ತಿರುವಾಗಲೇ, ಹೊರಗಿನ ಕನೆಕ್ಟರಿನಲ್ಲಿ ಅದರ ಮೂರು ಕೋಟಿಯಲ್ಲೊಂದು ಪಾಲು ಮಾತ್ರ ಕಾಣಿಸಬೇಕು. ಉಳಿದದ್ದು ಪವರ್ ಕಾರ್ಡಿನಿಂದಾಗಲಿ, ಮೀಟರಿನ ರಂಧ್ರದಿಂದಾಗಲಿ, ಡಯಲಿನ ಅಚ್ಚಿನ ಸಂದಿಯಿಂದಾಗಲಿ ತಪ್ಪಿಸಿಕೊಂಡು ಹೊರಬರಬಾರದು. ಈ ಕಾರಣಕ್ಕಾಗಿಯೇ ಅಂಥ ಯಂತ್ರಗಳು ಅಷ್ಟು ಭಾರ, ಅದಕ್ಕಾಗಿಯೇ ಅವುಗಳಲ್ಲಿ ಎರಕದ ಲೋಹದ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ಒಂದೊಂದು ಮುಚ್ಚಳಕ್ಕೂ ಅಷ್ಟೊಂದು ಸ್ಕ್ರೂಗಳು. ಬಿಚ್ಚಿದವರು ಬೇಸರಪಟ್ಟು ಅರ್ಧ ಸ್ಕ್ರೂಗಳನ್ನು ಮಾತ್ರ ಮರಳಿ ಹಾಕಿದ ಯಂತ್ರಗಳು ನನ್ನ ಕೈಗೂ ಬಂದಿವೆ. ಹೊರಗಿನಿಂದ ಅವು ಲಕ್ಷಣವಾಗಿಯೇ ಕಾಣುತ್ತವೆ, ಆದರೆ ಅಟೆನ್ಯುಯೇಟರಿನ ಕೊನೆಯ ಎರಡು ಮೂರು ಹೆಜ್ಜೆಗಳಲ್ಲಿ ಅವು ತೋರಿಸುವ ಅಂಕೆಗೆ ಅರ್ಥವೇ ಇರುವುದಿಲ್ಲ.

ಸಂಗ್ರಹಕ್ಕೆ ಇಳಿಯುವವರು ಎರಡು ವಂಶಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಒಂದು, ರಿಪೇರಿ ಅಂಗಡಿಗಳಿಗಾಗಿ ತಯಾರಾದ ಸರ್ವಿಸ್ ಆಸಿಲೇಟರುಗಳು. ಹೀತ್‌ಕಿಟ್, ಐಕೊ, ಅಡ್ವಾನ್ಸ್, ಲೀಡರ್ ಮುಂತಾದ ಹೆಸರಿನವು. ಅಮೆರಿಕದ ಮಿಷಿಗನ್ ರಾಜ್ಯದ ಬೆಂಟನ್ ಹಾರ್ಬರಿನ ಹೀತ್‌ಕಿಟ್ ಇವನ್ನು ಬಿಡಿಭಾಗಗಳ ಕಿಟ್ ಆಗಿ ಮಾರುತ್ತಿತ್ತು, ಕೊಂಡವರು ಮನೆಯಲ್ಲಿ ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳುತ್ತಿದ್ದರು. ಇನ್ನೊಂದು, ಪ್ರಯೋಗಾಲಯಗಳಿಗಾಗಿ ತಯಾರಾದ ಸ್ಟ್ಯಾಂಡರ್ಡ್ ಸಿಗ್ನಲ್ ಜನರೇಟರುಗಳು. 1915ರಲ್ಲಿ ಮೆಲ್ವಿಲ್ ಈಸ್ಟ್‌ಹ್ಯಾಮ್ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಸ್ಥಾಪಿಸಿದ ಜನರಲ್ ರೇಡಿಯೊ, ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನ ಮಾರ್ಕೋನಿ ಇನ್‌ಸ್ಟ್ರುಮೆಂಟ್ಸ್, ನ್ಯೂಜೆರ್ಸಿಯ ಬೂಂಟನ್ನಿನ ಮೆಷರ್‌ಮೆಂಟ್ಸ್ ಕಾರ್ಪೊರೇಷನ್, ಮತ್ತು ಹ್ಯೂಲೆಟ್ ಪ್ಯಾಕರ್ಡ್ ಈ ವಂಶದ ದೊಡ್ಡ ಮನೆತನಗಳು. ಮೊದಲನೆಯ ವಂಶದ ಯಂತ್ರಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ತಮ್ಮ ಕಾಲದ ಎಷ್ಟೋ ಮೆಕ್ಯಾನಿಕ್‌ಗಳ ಹೊಟ್ಟೆ ಹೊರೆದಿವೆ. ಆದರೆ ಅವುಗಳಲ್ಲಿ ಅಟೆನ್ಯುಯೇಟರ್ ಎಂದರೆ ಬಹುಮಟ್ಟಿಗೆ ಒಂದು ಪೊಟೆನ್ಷಿಯೊಮೀಟರ್ (ರೇಡಿಯೊದ ವಾಲ್ಯೂಮ್ ಗುಬುಟಿನಂಥದು) ಮತ್ತು ಒಂದು ಹೈ-ಲೋ ಸ್ವಿಚ್ ಅಷ್ಟೆ. ಗುಬುಟನ್ನು ಸೊನ್ನೆಗೆ ತಂದಿಟ್ಟು, ಕೇಬಲನ್ನು ಕಿತ್ತು ಪಕ್ಕಕ್ಕಿಟ್ಟ ಮೇಲೂ ಮೇಜಿನ ಆ ತುದಿಯ ರೇಡಿಯೊದಲ್ಲಿ ಅದರ ಸದ್ದು ಕೇಳಿಸುತ್ತದೆ.

ಪ್ರಯೋಗಾಲಯದ ಯಂತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವವಿರುವುದು ಪಿಸ್ಟನ್ ಅಟೆನ್ಯುಯೇಟರಿನ ಬಗ್ಗೆ. ಹ್ಯೂಲೆಟ್ ಪ್ಯಾಕರ್ಡ್ 608 ಸರಣಿಯ ವಿಎಚ್‌ಎಫ್ ಜನರೇಟರುಗಳಲ್ಲಿ ಇದನ್ನು ಕಾಣಬಹುದು. ನಯವಾಗಿ ಕೊರೆದ ಒಂದು ಲೋಹದ ಕೊಳವೆ. ಅದರ ಒಂದು ತುದಿಯಲ್ಲಿ ಆಂದೋಲಕದ ಸಿಗ್ನಲ್, ಇನ್ನೊಂದು ತುದಿಯಿಂದ ಒಳಗೆ ಜಾರುವ ಸಣ್ಣದೊಂದು ತಂತಿಯ ಕುಣಿಕೆ. ಆ ಕೊಳವೆಯ ಅಗಲಕ್ಕೆ ಹೋಲಿಸಿದರೆ ತರಂಗ ಬಹಳ ಉದ್ದವಾದದ್ದರಿಂದ ಅದು ಒಳಗೆ ಸಾಗಲಾರದೆ ಕ್ಷೀಣಿಸುತ್ತದೆ, ಮತ್ತು ಹಾಗೆ ಕ್ಷೀಣಿಸುವ ದರವನ್ನು ಬಹುಮಟ್ಟಿಗೆ ಕೊಳವೆಯ ವ್ಯಾಸವೊಂದೇ ನಿರ್ಧರಿಸುತ್ತದೆ. ಕುಣಿಕೆಯನ್ನು ಒಂದು ವ್ಯಾಸದಷ್ಟು ದೂರ ಎಳೆದರೆ ಸುಮಾರು 32 ಡೆಸಿಬೆಲ್, ಅಂದರೆ ವೋಲ್ಟೇಜು ನಲವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಹಳೆಯದಾಗುವ ರೆಸಿಸ್ಟರಿಲ್ಲ, ಸವೆಯುವ ಕಾರ್ಬನ್ ಪಟ್ಟಿಯಿಲ್ಲ. ಕೊಳವೆಗೆ ಪೆಟ್ಟು ಬಿದ್ದಿಲ್ಲವಾದರೆ ಅರವತ್ತು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಡಯಲಿನ ಮೇಲೆ ಕೆತ್ತಿದ ಗೆರೆಗಳ ನಡುವಣ ಅಂತರ ಇಂದಿಗೂ ಸರಿಯಾಗಿರುತ್ತದೆ. ಒಳಗಿನ ವಾಲ್ವುಗಳು ಎಷ್ಟೇ ಬಳಲಿರಲಿ, ಈ ಒಂದು ಭಾಗ ಮಾತ್ರ ತನ್ನ ಅಳತೆಯನ್ನು ಮರೆಯುವುದಿಲ್ಲ.

ಇಷ್ಟು ಕಡಿಮೆ ಸಿಗ್ನಲ್ ಯಾರಿಗೆ ಬೇಕು ಎಂದು ಕೇಳುವವರಿಗಾಗಿ ವಾಲ್ವ್ ರೇಡಿಯೊದ ಅಲೈನ್‌ಮೆಂಟ್ ಕೆಲಸವನ್ನೇ (ಅದರ ಸರ್ಕ್ಯೂಟುಗಳನ್ನು ಸರಿಯಾದ ಫ್ರೀಕ್ವೆನ್ಸಿಗೆ ಹೊಂದಿಸುವುದನ್ನು) ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಧ್ಯಮ ತರಂಗದ ಸೂಪರ್‌ಹೆಟ್ ಸೆಟ್ಟಿನಲ್ಲಿ ಮೊದಲು ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿಯನ್ನು, ಅಂದರೆ ಬಂದ ಸ್ಟೇಷನ್ನನ್ನೆಲ್ಲ ಸೆಟ್ಟು ಬದಲಾಯಿಸಿಕೊಳ್ಳುವ ಒಂದೇ ನಿಗದಿತ ಫ್ರೀಕ್ವೆನ್ಸಿಯನ್ನು, ಸರಿಪಡಿಸಬೇಕು. ಅಮೆರಿಕದ ಸೆಟ್ಟಾದರೆ ಬಹುಮಟ್ಟಿಗೆ 455 ಕಿಲೋಹರ್ಟ್ಸ್, ಫಿಲಿಪ್ಸ್‌ನ ಹಲವು ಸೆಟ್ಟುಗಳಲ್ಲಿ 452, ಬ್ರಿಟಿಷ್ ವಿನ್ಯಾಸದವುಗಳಲ್ಲಿ 465 ಅಥವಾ 470. ಸರ್ಕ್ಯೂಟ್ ನಕ್ಷೆ ನೋಡದೆ ಊಹಿಸಬಾರದು. 400 ಹರ್ಟ್ಸ್‌ನಿಂದ ಶೇಕಡ 30ರಷ್ಟು ಮಾಡ್ಯುಲೇಟ್ ಮಾಡಿದ (ಆ ಸದ್ದನ್ನು ಬೆರೆಸಿದ) ಸಿಗ್ನಲನ್ನು ಒಂದು ಕೆಪಾಸಿಟರಿನ ಮೂಲಕ, ಫ್ರೀಕ್ವೆನ್ಸಿ ಬದಲಾಯಿಸುವ ಮಿಕ್ಸರ್ ವಾಲ್ವಿನ ಗ್ರಿಡ್ಡಿಗೆ ಕೊಟ್ಟು, ಸ್ಪೀಕರಿಗೆ ಅಡ್ಡಲಾಗಿ ಮೀಟರ್ ಇಟ್ಟು, ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ಹಿಂದಕ್ಕೆ ಬರುತ್ತ ಒಂದೊಂದೇ ಕೋರನ್ನು (ಕಾಯಿಲಿನೊಳಗಿನ ತಿರುಗುವ ತಿರುಳನ್ನು) ಲೋಹವಲ್ಲದ ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ಸಿಗ್ನಲ್ ಜೋರಾಗಿದ್ದರೆ ರೇಡಿಯೊದ ಎವಿಸಿ (ಸದ್ದನ್ನು ತಾನಾಗಿ ಸಮಮಟ್ಟದಲ್ಲಿಡುವ ಸರ್ಕ್ಯೂಟ್) ತಕ್ಷಣ ವರ್ಧನೆಯನ್ನು ಕುಗ್ಗಿಸುತ್ತದೆ, ಆಗ ಕೋರನ್ನು ಅರ್ಧ ಸುತ್ತು ಆಚೆ ಈಚೆ ತಿರುಗಿಸಿದರೂ ಮೀಟರಿನ ಮುಳ್ಳು ಅಲುಗಾಡುವುದಿಲ್ಲ. ಶಿಖರ ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ಸೆಟ್ಟು ಸರಿಹೋಗುತ್ತ ಹೋದಂತೆ ಅಟೆನ್ಯುಯೇಟರನ್ನು ಇಳಿಸುತ್ತ ಬಂದು, ಮುಳ್ಳು ಸ್ಪಷ್ಟವಾಗಿ ಏರಿ ಇಳಿಯುವ ಮಟ್ಟದಲ್ಲಿಯೇ ಸಿಗ್ನಲನ್ನು ಹಿಡಿದಿಟ್ಟುಕೊಳ್ಳಬೇಕು. ಸೋರುವ ಜನರೇಟರಿನಿಂದ ಇದು ಸಾಧ್ಯವೇ ಇಲ್ಲ.

ಕಿರುತರಂಗದ ಬ್ಯಾಂಡಿನಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. 455ರ ಸೆಟ್ಟಿನಲ್ಲಿ ಪ್ರತಿಯೊಂದು ಸ್ಟೇಷನ್ನಿಗೂ ಅದಕ್ಕಿಂತ 910 ಕಿಲೋಹರ್ಟ್ಸ್ (455ರ ಎರಡು ಪಟ್ಟು) ಮೇಲೆ ಒಂದು ಇಮೇಜ್, ಅಂದರೆ ಅದೇ ಜಾಗದಲ್ಲಿ ತಪ್ಪಾಗಿ ಕೇಳಿಸುವ ಇನ್ನೊಂದು ಫ್ರೀಕ್ವೆನ್ಸಿ, ಇರುತ್ತದೆ. ರೇಡಿಯೊದ ಡಯಲನ್ನೂ ಜನರೇಟರನ್ನೂ 15 ಮೆಗಾಹರ್ಟ್ಸ್‌ನಲ್ಲಿಟ್ಟು ರೇಡಿಯೊದ ಆಸಿಲೇಟರ್ ಟ್ರಿಮ್ಮರನ್ನು (ಡಯಲಿಗೆ ಹೊಂದಿಸುವ ಸಣ್ಣ ಕೆಪಾಸಿಟರನ್ನು) ತಿರುಗಿಸಿದರೆ ಎರಡು ಕಡೆ ಸಿಗ್ನಲ್ ಕೇಳಿಸುತ್ತದೆ, ಅವುಗಳಲ್ಲಿ ಒಂದು ಮಾತ್ರ ಸರಿ. ಪರೀಕ್ಷಿಸಲು ಜನರೇಟರನ್ನು 15.91ಕ್ಕೆ ಒಯ್ದು ನೋಡಬೇಕು. ಅಲ್ಲಿ ಸಿಗ್ನಲ್ ಕೇಳಿಸಿ, 15ರಲ್ಲಿ ಕೇಳಿಸಿದ್ದಕ್ಕಿಂತ ದುರ್ಬಲವಾಗಿದ್ದರೆ ಟ್ರಿಮ್ಮರ್ ಸರಿಯಾದ ಜಾಗದಲ್ಲಿದೆ. ಜನರೇಟರ್ ಹತ್ತಾರು ಮಿಲಿವೋಲ್ಟ್ ಸುರಿಯುತ್ತಿದ್ದರೆ ನಿಜವೂ ಇಮೇಜೂ ಒಂದೇ ಸಮ ಕೇಳಿಸಿ ದಾರಿ ತಪ್ಪಿಸುತ್ತವೆ. ಕೆಲವೇ ಮೈಕ್ರೊವೋಲ್ಟ್‌ಗೆ ಇಳಿಸಿದಾಗ ಇಮೇಜ್ ಕುಗ್ಗಿ, ನಿಜವಾದ ಸಿಗ್ನಲ್ ಎದ್ದು ನಿಲ್ಲುತ್ತದೆ.

ಸ್ಟೇಷನ್ನುಗಳನ್ನೇ ಕೇಳಿಕೊಂಡು ಅಲೈನ್‌ಮೆಂಟ್ ಮಾಡಿದರಾಗದೇ ಎಂಬ ಪ್ರಶ್ನೆಯೂ ಬರುತ್ತದೆ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್, ಧಾರವಾಡದ 765, ಭದ್ರಾವತಿಯ 675 ನಮ್ಮ ಮನೆಗಳ ರೇಡಿಯೊ ಮುಳ್ಳು ದಶಕಗಳ ಕಾಲ ನಿಂತಿದ್ದ ಜಾಗಗಳು. 612 ಎಂಬುದು ಪ್ಯಾಡರ್ (ಡಯಲಿನ ಕೆಳತುದಿಯನ್ನು ಹೊಂದಿಸುವ ಕೆಪಾಸಿಟರ್) ಸರಿಪಡಿಸಲು ಬೇಕಾದ 600ಕ್ಕೆ ಬಹಳ ಹತ್ತಿರವಿರುವುದು ನಮ್ಮ ಅದೃಷ್ಟ. ಆದರೆ ಡಯಲಿನ ಮೇಲ್ತುದಿಯ 1400ಕ್ಕೆ ಅಂಥ ಆಸರೆ ಇಲ್ಲ, ಮತ್ತು ಅಲೈನ್‌ಮೆಂಟ್ ಎರಡೂ ತುದಿಗಳ ನಡುವೆ ಹೋಗಿ ಬರುತ್ತ ಮಾಡುವ ಕೆಲಸ. ಕಿರುತರಂಗದ ಸ್ಥಿತಿಯಂತೂ ಎಲ್ಲರಿಗೂ ತಿಳಿದದ್ದೇ: ಬಿಬಿಸಿಯ ಹಿಂದಿ ಕಿರುತರಂಗ ಪ್ರಸಾರ 2020ರ ಜನವರಿಯಲ್ಲಿ ನಿಂತಿತು, ಅದಕ್ಕೂ ಮೊದಲೇ ಯೂರೋಪಿನ ಹಲವು ಕೇಂದ್ರಗಳು ಮೌನವಾಗಿದ್ದವು. ಉಳಿದ ಸ್ಟೇಷನ್ನುಗಳನ್ನು ಎಲ್‌ಇಡಿ ಬಲ್ಬುಗಳ, ಚಾರ್ಜರುಗಳ ಗದ್ದಲ ಮುಚ್ಚಿಹಾಕುತ್ತದೆ. ಹಳೆಯ ಮರ್ಫಿಯನ್ನೋ ಬುಷ್ಷನ್ನೋ ಕಿರುತರಂಗದಲ್ಲಿ ಸರಿಪಡಿಸಬೇಕಾದರೆ ಮೇಜಿನ ಮೇಲಿನ ಸಿಗ್ನಲ್ ಜನರೇಟರನ್ನು ಬಿಟ್ಟರೆ ಈಗ ಬೇರೆ ಆಧಾರವಿಲ್ಲ.

ಹಾಗಾದರೆ ಕೆಲವು ನೂರು ರೂಪಾಯಿಗೆ ಸಿಗುವ, ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಎಸ್‌ಐ5351 ಚಿಪ್ಪಿನ ಬೋರ್ಡು ಸಾಲದೇ? ಫ್ರೀಕ್ವೆನ್ಸಿಯ ಸ್ಥಿರತೆಯಲ್ಲಿ ಅದು ನನ್ನ ಯಾವ ವಾಲ್ವ್ ಜನರೇಟರಿಗಿಂತಲೂ ಮುಂದಿದೆ, ಅದನ್ನು ಒಪ್ಪದಿರುವುದು ಅನ್ಯಾಯವಾಗುತ್ತದೆ. ಆದರೆ ಅದು ಕೊಡುವುದು ಚೌಕ ತರಂಗ. ಅದರ ಮೂರನೆಯ ಹಾರ್ಮೊನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಜೊತೆಗೆ ಬರುವ ಸಿಗ್ನಲ್) ಮೂಲ ಸಿಗ್ನಲಿಗಿಂತ ಹತ್ತು ಡೆಸಿಬೆಲ್ಲಿನಷ್ಟೂ ಕೆಳಗಿರುವುದಿಲ್ಲ. 455 ಕಿಲೋಹರ್ಟ್ಸ್‌ನ ಮೂರು ಪಟ್ಟು 1365. ಅದು ಮಧ್ಯಮ ತರಂಗದ ಡಯಲಿನ ಒಳಗೇ ಬಂದು ಕೂರುತ್ತದೆ. ಫಿಲ್ಟರ್, ಅಟೆನ್ಯುಯೇಟರ್, ಮಾಡ್ಯುಲೇಟರ್, ಅವಕ್ಕೆಲ್ಲ ಲೋಹದ ಪೆಟ್ಟಿಗೆ ಎಂದು ಒಂದೊಂದಾಗಿ ಸೇರಿಸುತ್ತ ಹೋದರೆ ಕೊನೆಗೆ ಕಟ್ಟಿದಂತಾಗುವುದು ಮತ್ತೊಂದು ಸಿಗ್ನಲ್ ಜನರೇಟರನ್ನೇ. ನಾನು ಮಾಡುವುದು ಇಷ್ಟು: ಹಳೆಯ ಯಂತ್ರವನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಸಿಯಾಗಲು ಬಿಡುತ್ತೇನೆ, ಪಕ್ಕದಲ್ಲಿ ಒಂದು ಸಾಮಾನ್ಯ ಫ್ರೀಕ್ವೆನ್ಸಿ ಕೌಂಟರ್ ಇಡುತ್ತೇನೆ. ಫ್ರೀಕ್ವೆನ್ಸಿಯನ್ನು ಕೌಂಟರ್ ಹೇಳುತ್ತದೆ, ಉಳಿದದ್ದನ್ನೆಲ್ಲ ಜನರೇಟರ್ ನೋಡಿಕೊಳ್ಳುತ್ತದೆ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಬಹಳ ಸುಲಭ. ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೊ ಜೇಬಿನಲ್ಲಿರಲಿ. ಜನರೇಟರನ್ನು 1000 ಕಿಲೋಹರ್ಟ್ಸ್‌ಗೆ ಇಟ್ಟು, ಮಾಡ್ಯುಲೇಷನ್ ಹಾಕಿ, ಅಟೆನ್ಯುಯೇಟರನ್ನು ಪೂರ್ತಿ ಇಳಿಸಿ, ರೇಡಿಯೊವನ್ನು ಪೆಟ್ಟಿಗೆಯ ಸುತ್ತ ಆಡಿಸಿ ನೋಡಿ. ಮೀಟರಿನ ಬಳಿ, ಪವರ್ ಕಾರ್ಡಿನ ಬಳಿ, ಮುಚ್ಚಳದ ಅಂಚುಗಳ ಬಳಿ ಸದ್ದು ಏರಿದರೆ ಸೋರಿಕೆ ಅಲ್ಲಿದೆ. ಎರಡನೆಯದಾಗಿ, ಅಟೆನ್ಯುಯೇಟರಿನ ಹೆಜ್ಜೆಗಳನ್ನು ಒಂದೊಂದಾಗಿ ತಿರುಗಿಸಿ, ಎಲ್ಲಿಯಾದರೂ ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾಗುತ್ತದೆಯೇ ನೋಡಿ. ಹಾಗಾದರೆ ಯಾರೋ ಟ್ರಾನ್ಸ್‌ಸೀವರಿಗೆ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೊಗೆ) ಜೋಡಿಸಿಟ್ಟು ಮರೆತು ಮೈಕಿನ ಗುಂಡಿ ಒತ್ತಿರುವ ಸಾಧ್ಯತೆ ಬಹಳ. ಹತ್ತು ವ್ಯಾಟ್ ಹಿಮ್ಮುಖವಾಗಿ ನುಗ್ಗಿದರೆ ಒಳಗಿನ ಸಣ್ಣ ರೆಸಿಸ್ಟರುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. 1970ರ ದಶಕದ ಹ್ಯೂಲೆಟ್ ಪ್ಯಾಕರ್ಡ್ 8640ಬಿ ಜನರೇಟರಿಗೆ ಇದರಿಂದ ಕಾಪಾಡುವ ಸರ್ಕ್ಯೂಟನ್ನು ಐಚ್ಛಿಕವಾಗಿ ಕೊಡುತ್ತಿದ್ದರು ಎಂದರೆ ಈ ಅನಾಹುತ ಎಷ್ಟು ಸಾಮಾನ್ಯವಾಗಿತ್ತು ಎಂದು ಊಹಿಸಬಹುದು. ಅದೇ 8640ಬಿಯ ಇನ್ನೊಂದು ದೌರ್ಬಲ್ಯ ಅದರ ಪ್ಲಾಸ್ಟಿಕ್ ಹಲ್ಲುಗಾಲಿಗಳು. ಕಾಲ ಕಳೆದಂತೆ ಅವು ಸೀಳುತ್ತವೆ, ಗುಬುಟು ತಿರುಗಿದರೂ ಒಳಗಿನ ಸ್ವಿಚ್ ತಿರುಗುವುದಿಲ್ಲ. ಹವ್ಯಾಸಿಗಳು ಹಿತ್ತಾಳೆಯಲ್ಲಿ ಬದಲಿ ಗಾಲಿಗಳನ್ನು ಮಾಡಿ ಹಾಕಿದ ಉದಾಹರಣೆಗಳಿವೆ. ಸಿಗ್ನಲಿನ ಶುದ್ಧತೆಯಲ್ಲಿ ಅದನ್ನು ಮೀರಿಸುವ ಯಂತ್ರ ಇಂದಿಗೂ ಅಗ್ಗವಾಗಿ ಸಿಗುವುದಿಲ್ಲವಾದ್ದರಿಂದ ಆ ಶ್ರಮ ಸಾರ್ಥಕ.

ಮನೆಗೆ ತಂದ ಮೇಲೆ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಅಮೆರಿಕದ ಯಂತ್ರವಾದರೆ ಹಿಂಬದಿಯ 115/230 ಸ್ವಿಚ್ ಎಲ್ಲಿದೆ ನೋಡಿ. ಎರಡು ಪಿನ್ನಿನ ಕಾರ್ಡಿದ್ದರೆ ಅದನ್ನು ತೆಗೆದು ಮೂರು ಪಿನ್ನಿನದನ್ನು ಹಾಕಿ, ಷಾಸಿಗೆ (ಯಂತ್ರದ ಲೋಹದ ಚೌಕಟ್ಟಿಗೆ) ಭದ್ರವಾಗಿ ಅರ್ಥ್ ಕೊಡಿ. ಸೋರಿಕೆ ತಡೆಯಲೆಂದೇ ಮುಖ್ಯ ವಿದ್ಯುತ್ ತಂತಿಗಳಿಂದ ಷಾಸಿಗೆ ಹಾಕಿರುವ ಕೆಪಾಸಿಟರುಗಳು ಅರ್ಥ್ ಇಲ್ಲದಾಗ ಇಡೀ ಪೆಟ್ಟಿಗೆಯನ್ನು ನೂರಕ್ಕೂ ಹೆಚ್ಚು ವೋಲ್ಟ್‌ಗೆ ಏರಿಸಬಲ್ಲವು. ಹಳೆಯ ಪೇಪರ್ ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಬದಲಿಸುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಆಂದೋಲಕದ ಕಾಯಿಲುಗಳನ್ನೂ ಅವುಗಳ ಪಕ್ಕದ ಮೈಕಾ ಕೆಪಾಸಿಟರುಗಳನ್ನೂ ಮುಟ್ಟಬಾರದು ಎಂಬುದರಲ್ಲಿ ಅಷ್ಟೇ ಗಟ್ಟಿಯಾಗಿದ್ದೇನೆ. ಡಯಲಿನ ಗೆರೆಗಳು ಆ ಭಾಗಗಳಿಗೆ ಹೊಂದಿಸಿ ಎಳೆದವು.

ಮುಚ್ಚಳದ ಕೆಲಸಕ್ಕೆ ಸಾಕಷ್ಟು ಸಮಯ ಕೊಡಿ. ಆಂದೋಲಕದ ಕೋಣೆಯ ಮುಚ್ಚಳ ತೆಗೆದಾಗ ಅಂಚಿನುದ್ದಕ್ಕೂ ಬಾಚಣಿಗೆಯಂತೆ ಸಾಲಾಗಿ ಬಾಗಿದ ತೆಳು ಲೋಹದ ಬೆರಳುಗಳು ಕಾಣುತ್ತವೆ. ಒಂದೊಂದು ಬೆರಳೂ ಎದುರಿನ ಅಂಚನ್ನು ಮುಟ್ಟಿದಾಗ ಮಾತ್ರ ಆ ಕೋಣೆ ಮುಚ್ಚಿದಂತೆ. ಇವು ಸಾಮಾನ್ಯವಾಗಿ ಬೆರಿಲಿಯಂ ಬೆರೆಸಿದ ತಾಮ್ರದವು, ಆದ್ದರಿಂದ ಉಪ್ಪುಕಾಗದದಿಂದ ಉಜ್ಜಲೇಬಾರದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಚಪ್ಪಟೆಯಾದ ಬೆರಳುಗಳನ್ನು ಮರದ ಕಡ್ಡಿಯಿಂದ ಮೆಲ್ಲಗೆ ಎತ್ತಿ, ಎರಕದ ಅಂಚಿನ ಕಪ್ಪನ್ನು ತೆಗೆದು, ಎಲ್ಲ ಸ್ಕ್ರೂಗಳನ್ನೂ ಹಾಕಿ, ಅದೇ ಟ್ರಾನ್ಸಿಸ್ಟರ್ ರೇಡಿಯೊವನ್ನು ಮತ್ತೊಮ್ಮೆ ಸುತ್ತ ಆಡಿಸಿದಾಗ ಮೊದಲು ಕೇಳಿಸುತ್ತಿದ್ದ ಸದ್ದು ಇಲ್ಲವಾಗಿರುವುದು ಈ ಹವ್ಯಾಸದಲ್ಲಿ ನನಗೆ ಸಿಗುವ ಅತ್ಯಂತ ದೊಡ್ಡ ಸಂತೋಷ. ಮುಂಭಾಗಕ್ಕೆ ಹೊಸ ಬಣ್ಣ ಬಳಿದವರಿಗೆ ಈ ಸಂತೋಷ ಗೊತ್ತಿರಲಾರದು.

ಕೊನೆಯದಾಗಿ ಒಂದು ದುಃಖದ ಸಂಗತಿ. ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯ ತನ್ನ ಹಳೆಯ ಜನರೇಟರುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದಾಗ ನಾನು ಹೋಗುವಷ್ಟರಲ್ಲಿ ವಾಲ್ವುಗಳನ್ನು ಆಡಿಯೊ ಆಂಪ್ಲಿಫೈಯರ್ ಮಾಡುವವರು ಕಿತ್ತುಕೊಂಡಿದ್ದರು, ಮೀಟರುಗಳನ್ನು ಅಲಂಕಾರಕ್ಕೆಂದು ಯಾರೋ ಒಯ್ದಿದ್ದರು. ಅಟೆನ್ಯುಯೇಟರುಗಳು ಮಾತ್ರ ಯಾರಿಗೂ ಬೇಡವಾಗಿ ನೆಲದ ಮೇಲೆ ಬಿದ್ದಿದ್ದವು. ವಾಲ್ವು ಇಂದಿಗೂ ಸಿಗುತ್ತದೆ, ಮೀಟರಿಗೆ ಬದಲಿ ಹುಡುಕಬಹುದು. ಅಳತೆ ಮಾಡಿ ಕೊರೆದ ಆ ಕೊಳವೆಯನ್ನಾಗಲಿ, ಹೊಂದಿಸಿ ಜೋಡಿಸಿದ ಆ ರೆಸಿಸ್ಟರುಗಳ ಪೆಟ್ಟಿಗೆಯನ್ನಾಗಲಿ ಈಗ ಯಾರೂ ಆ ಯಂತ್ರಗಳಿಗಾಗಿ ಮಾಡಿಕೊಡುವುದಿಲ್ಲ. ನಿಮ್ಮ ಕಾಲೇಜಿನಲ್ಲಿಯೋ ಕಾರ್ಖಾನೆಯಲ್ಲಿಯೋ ಇಂಥ ಯಂತ್ರಗಳು ವಿಲೇವಾರಿಗೆ ಕಾದಿದ್ದರೆ, ಬಿಚ್ಚುವ ಮೊದಲೇ ಹತ್ತಿರದ ಹ್ಯಾಮ್ ರೇಡಿಯೊ ಮಿತ್ರರಿಗೆ ತಿಳಿಸಿ. ಕೈಪಿಡಿಯೂ ಕಪಾಟಿನಲ್ಲಿ ಉಳಿದಿದ್ದರೆ ದಯವಿಟ್ಟು ಅದನ್ನು ಯಂತ್ರದ ಜೊತೆಗೇ ಕೊಡಿ. ಅಟೆನ್ಯುಯೇಟರಿನ ಒಂದೊಂದು ರೆಸಿಸ್ಟರ್ ಎಷ್ಟು ಓಮ್ ಎಂಬುದು ಅದರಲ್ಲಿರುತ್ತದೆ.