ಅಗ್ರಬಾದ ಮೇಲೆ ಬಾಂಬು ಹಾಕುವ ಕುರಿತು

2015ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಮೀಕ್ಷಾ ಸಂಸ್ಥೆಯು ಅಲ್ಲಿನ ಮತದಾರರ ಮುಂದೆ ದೇಶದ ಆಗುಹೋಗುಗಳ ಬಗ್ಗೆ ಹಲವು ಗಂಭೀರ ಪ್ರಶ್ನೆಗಳನ್ನಿಟ್ಟಿತು. ಅವುಗಳ ನಡುವೆ, ಅಗ್ರಬಾದ ಮೇಲೆ ಬಾಂಬು ಹಾಕುವುದನ್ನು ತಾವು ಬೆಂಬಲಿಸುವಿರೋ ವಿರೋಧಿಸುವಿರೋ ಎಂದೂ ಅಷ್ಟೇ ಗಂಭೀರವಾಗಿ ವಿಚಾರಿಸಿತು. ರಿಪಬ್ಲಿಕನ್ ಪಕ್ಷದ ಮತದಾರರಲ್ಲಿ ಶೇ 30 ಮಂದಿ ಹಾಕಬಹುದು ಎಂದರು, ಶೇ 13 ಮಂದಿ ಬೇಡವೆಂದರು. ಡೆಮಾಕ್ರಟಿಕ್ ಪಕ್ಷದವರಲ್ಲಿ ಹಾಕಬಹುದು ಎಂದವರು ಶೇ 19, ಬೇಡವೆಂದವರು ಶೇ 36. ಅಗ್ರಬಾ ಎಂಬುದು 1992ರ ಡಿಸ್ನಿ ಕಾರ್ಟೂನ್ ಚಿತ್ರದಲ್ಲಿ ಅಲ್ಲಾವುದ್ದೀನನು ಬ್ರೆಡ್ಡು ಕದ್ದು ಮಾಳಿಗೆಯಿಂದ ಮಾಳಿಗೆಗೆ ಹಾರುವ ಊರು. ಆ ಕಳ್ಳತನದ ಹೊರತು ಊರಿನ ಮೇಲೆ ಬೇರೆ ದೂರು ದಾಖಲಾಗಿಲ್ಲ.

ಬಾಂಬು ಹಾಕುವುದೆಂದು ತೀರ್ಮಾನವಾದ ಮೇಲೆ ಊರು ಎಲ್ಲಿದೆ ಎಂಬ ಸಣ್ಣ ತೊಡಕನ್ನು ನಿವಾರಿಸಿಕೊಳ್ಳುವುದು ವಿಮಾನ ಚಾಲಕನ ಕರ್ತವ್ಯವಾಗುತ್ತದೆ. ಆತನ ಪಾಡು ಕಷ್ಟದ್ದು. ಸಿರಿಯಾದ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬಾತ 1709ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಅನುವಾದಕ ಆಂಟ್ವಾನ್ ಗಲಾಂಡ್‌ಗೆ ಅಲ್ಲಾವುದ್ದೀನನ ಕಥೆಯನ್ನು ಹೇಳಿದ್ದು, ಗಲಾಂಡ್ ಅದನ್ನು ತಾನು ಫ್ರೆಂಚಿಗೆ ತಂದ ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ಸೇರಿಸಿದ್ದು. ಅದರ ಪ್ರಕಾರ ಅಲ್ಲಾವುದ್ದೀನನು ಚೀನಾ ದೇಶದವನು. ಡಿಸ್ನಿಯವರು ಅವನನ್ನು ಮೊದಲು ಬಾಗ್ದಾದಿನಲ್ಲಿ ನೆಲೆಗೊಳಿಸಿದ್ದರು. ಅಷ್ಟರಲ್ಲಿ ಕೊಲ್ಲಿ ಯುದ್ಧ ಬಂದು, ಅಮೆರಿಕದ ವಿಮಾನಗಳು ನಿಜವಾದ ಬಾಗ್ದಾದಿನ ಮೇಲೆ ಬಾಂಬು ಸುರಿಸಿದ್ದರಿಂದ, ಮಕ್ಕಳ ಚಿತ್ರಕ್ಕೆ ಆ ಹೆಸರು ಶೋಭಿಸದೆಂದು ಅಗ್ರಬಾ ಎಂಬ ಹೆಸರನ್ನು ಕಟ್ಟಿಕೊಟ್ಟರು. ಅರಮನೆಯನ್ನು ನೋಡಿದರೆ ತಾಜ್ ಮಹಲಿನ ದಾಯಾದಿಯಂತಿದೆ; ರಾಜಕುಮಾರಿ ಸಾಕಿದ ಹುಲಿಗೆ ರಾಜಾ ಎಂದು ಹೆಸರು. ಹೀಗಾಗಿ ಚಾಲಕನು ಚೀನಾಕ್ಕೆ ಹೋಗಬೇಕೋ, ಇರಾಕಿಗೆ ಹೋಗಬೇಕೋ, ಯಮುನೆಯ ದಡಕ್ಕೆ ಬರಬೇಕೋ ಎಂಬುದನ್ನು ಶೇ 30 ಮಂದಿ ಮತ್ತೊಮ್ಮೆ ಸಭೆ ಸೇರಿ ತಿಳಿಸಿದರೆ, ಆಗ್ರಾದ ನಿವಾಸಿಗಳಾದರೂ ನಿದ್ದೆ ಮಾಡಿಯಾರು.

ಶತ್ರುವಿನ ಬಲವನ್ನು ಅಂದಾಜು ಮಾಡದೆ ಯುದ್ಧಕ್ಕೆ ಹೊರಡುವುದು ವಿವೇಕವಲ್ಲವಾದ್ದರಿಂದ ಅದನ್ನೂ ಇಲ್ಲಿ ನಮೂದಿಸುತ್ತೇನೆ. ಅಗ್ರಬಾದ ವಾಯುಪಡೆ ಎಂದರೆ ಒಂದು ಹಾರುವ ಕಂಬಳಿ. ಅದರಲ್ಲಿ ಇಬ್ಬರು ಕುಳಿತು ಪ್ರೇಮಗೀತೆ ಹಾಡುವಷ್ಟು ಸ್ಥಳವಿದೆ. ಭೂಸೇನೆ ಎಂದರೆ ಬ್ರೆಡ್ಡು ಕದ್ದ ಹುಡುಗನನ್ನೂ ಹಿಡಿಯಲಾರದ ಕಾವಲುಗಾರರು. ಸುಲ್ತಾನನು ಆಟಿಕೆಗಳಲ್ಲಿ ಮುಳುಗಿರುತ್ತಾನೆ. ಸಮೂಹನಾಶಕ ಅಸ್ತ್ರವೊಂದು ಮಾತ್ರ ಇದೆ ಎಂದು ಒಪ್ಪಬೇಕು, ಅದು ದೀಪದೊಳಗಿನ ಜೀನಿ. ಆದರೆ ಅದು ಯಾರನ್ನೂ ಕೊಲ್ಲುವುದಿಲ್ಲವೆಂದು ಮೊದಲೇ ಷರತ್ತು ಹಾಕಿದೆ.

ಈ ದೃಷ್ಟಿಯಿಂದ ಅಗ್ರಬಾದ ಮೇಲಿನ ಮೊಕದ್ದಮೆ ಬಾಗ್ದಾದಿನದಕ್ಕಿಂತ ಬಲವಾಗಿಯೇ ಇದೆ. 2003ರಲ್ಲಿ ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳ ದಾಸ್ತಾನಿದೆಯೆಂದು ಹೇಳಿ ಅಮೆರಿಕವು ಸೈನ್ಯ ನುಗ್ಗಿಸಿತು. ಊರು ಇತ್ತು, ಜನರಿದ್ದರು, ಹುಡುಕಿದ ದಾಸ್ತಾನು ಇರಲಿಲ್ಲ. ಅಗ್ರಬಾದಲ್ಲಿ ಅಸ್ತ್ರವಿರುವುದನ್ನು ಕೋಟ್ಯಂತರ ಮಕ್ಕಳು ಪರದೆಯ ಮೇಲೆ ಕಣ್ಣಾರೆ ಕಂಡಿದ್ದಾರೆ, ಊರೊಂದೇ ಇಲ್ಲ. ಖರ್ಚಿನ ಲೆಕ್ಕದಲ್ಲಿ ಅಗ್ರಬಾದ ಯುದ್ಧ ಬಹಳ ಅಗ್ಗವಾದುದು.

ಅಂಕಿಗಳು ಹೊರಬಿದ್ದಾಗ ಎಲ್ಲರೂ ಆ ಶೇ 30 ಮಂದಿಯನ್ನು ನೋಡಿ ನಕ್ಕರು. ನನಗೆ ಹೆಚ್ಚು ಕುತೂಹಲವಿರುವುದು ‘ಬೇಡ’ ಎಂದ ಶೇ 36 ಮಂದಿಯಲ್ಲಿ. ಇವರಿಗೂ ಊರು ಗೊತ್ತಿಲ್ಲ. ಆದರೆ ಅಗ್ರಬಾದ ಅಮಾಯಕ ನಾಗರಿಕರ ಪರವಾಗಿ ಅಂತಃಕರಣ ಕಲಕಿತು. ಹೆಸರು ಕೇಳಿದ ಮಾತ್ರಕ್ಕೆ ಒಬ್ಬನ ಕೈ ಗುಂಡಿಯ ಕಡೆಗೆ ಹೋದರೆ ಇನ್ನೊಬ್ಬನ ಕೈ ಎದೆಯ ಕಡೆಗೆ ಹೋಯಿತು. ಭೂಪಟದ ಕಡೆಗೆ ಹೋದ ಕೈಗಳನ್ನು ಸಮೀಕ್ಷೆ ಎಣಿಸಲಿಲ್ಲ. ಉಳಿದವರನ್ನು ‘ಖಚಿತವಿಲ್ಲ’ ಎಂಬ ಸಾಲಿಗೆ ಹಾಕಿದರು, ರಿಪಬ್ಲಿಕನ್ನರಲ್ಲಿ ಇವರೇ ಬಹುಸಂಖ್ಯಾತರು. ‘ಸ್ವಾಮಿ, ಅಂಥ ಊರೇ ಇಲ್ಲವಲ್ಲ’ ಎನ್ನಬಯಸಿದವನಿಗೆ ಅಲ್ಲಿ ಪ್ರತ್ಯೇಕ ಕಾಲಂ ಇರಲಿಲ್ಲವಾದ್ದರಿಂದ, ಎಲ್ಲರಿಗಿಂತ ಖಚಿತವಾಗಿ ತಿಳಿದಿದ್ದವನೂ ಖಚಿತವಿಲ್ಲದವರ ಪಂಕ್ತಿಯಲ್ಲೇ ಕೂರಬೇಕಾಯಿತು. ಕೇಳಿದವರ ಜಾಣತನವನ್ನೂ ಮೆಚ್ಚಬೇಕು. ರಾತ್ರಿ ಊಟದ ಹೊತ್ತಿಗೆ ಫೋನು ಮಾಡಿ ರಾಷ್ಟ್ರದ ಭದ್ರತೆಯ ಬಗ್ಗೆ ಅಭಿಪ್ರಾಯ ಕೇಳುವ ಸಂಸ್ಥೆಯು ಕಾರ್ಟೂನಿನ ಊರನ್ನು ನಡುವೆ ತೂರಿಸಿರಬಹುದೆಂದು ಸಭ್ಯ ಗೃಹಸ್ಥನು ಹೇಗೆ ಶಂಕಿಸಿಯಾನು?

ಸಮೀಕ್ಷೆ ನಡೆಸಿದವರು ಡೆಮಾಕ್ರಟಿಕ್ ಒಲವಿನವರಾದ್ದರಿಂದ ಎದುರು ಪಾಳೆಯವೂ ಸುಮ್ಮನೆ ಕೂರಲಿಲ್ಲ. ರಿಪಬ್ಲಿಕನ್ನರ ಪರ ಕೆಲಸ ಮಾಡುವ ಇನ್ನೊಂದು ಸಂಸ್ಥೆ, ಅಗ್ರಬಾದ ನಿರಾಶ್ರಿತರಿಗೆ ಅಮೆರಿಕದಲ್ಲಿ ಆಶ್ರಯ ಕೊಡಬಹುದೇ ಎಂದು ಡೆಮಾಕ್ರಟರನ್ನು ಕೇಳಿತು. ಶೇ 44 ಮಂದಿ ಧಾರಾಳವಾಗಿ ಬಾಗಿಲು ತೆರೆದರು. ಹೀಗೆ ಎರಡೂ ಪಕ್ಷಗಳ ಸಹಕಾರದಿಂದ ಅಗ್ರಬಾದ ವಿದೇಶಾಂಗ ನೀತಿ ಪೂರ್ಣಗೊಂಡಿತು: ಒಬ್ಬರು ಬಾಂಬು ಹಾಕುವರು, ಇನ್ನೊಬ್ಬರು ಓಡಿಬಂದವರಿಗೆ ಹಾಸಿಗೆ ಹಾಸುವರು. ರಾಜಕುಮಾರಿಯ ಹುಲಿಗೂ ಅಲ್ಲಾವುದ್ದೀನನ ಕೋತಿಗೂ ವೀಸಾ ಕೊಡುವ ಬಗ್ಗೆ ಯಾರನ್ನೂ ಕೇಳಿದಂತಿಲ್ಲ.

ಕಲ್ಪಿತ ದೇಶಗಳೊಡನೆ ವ್ಯವಹರಿಸುವುದರಲ್ಲಿ ಮತದಾರರಷ್ಟೇ ಮುಂದಿದ್ದಾರೆಂದು ಭಾವಿಸಿದರೆ ಸರ್ಕಾರಕ್ಕೆ ಅನ್ಯಾಯ ಮಾಡಿದಂತಾದೀತು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸುಂಕದ ಜಾಲತಾಣದಲ್ಲಿ, ಮುಕ್ತ ವ್ಯಾಪಾರ ಒಪ್ಪಂದವಿರುವ ದೇಶಗಳ ಸಾಲಿನಲ್ಲಿ, ಮಾರ್ವೆಲ್ ಕಾಮಿಕ್ಸಿನ ವಕಾಂಡ ಕಾಣಿಸಿಕೊಂಡಿತು. ಬಾತುಕೋಳಿ, ಕತ್ತೆ, ಹಾಲು ಕರೆಯುವ ಹಸು ಮುಂತಾದ ಸರಕುಗಳ ವಿವರವೂ ಜೊತೆಗಿತ್ತು. ವಕಾಂಡದ ಹೆಗ್ಗಳಿಕೆ ವೈಬ್ರೇನಿಯಮ್ ಎಂಬ ಅದ್ಭುತ ಲೋಹ, ಆದರೆ ಕೃಷಿ ಇಲಾಖೆಯ ಕಣ್ಣಿಗೆ ಬಿದ್ದದ್ದು ಕತ್ತೆ. ಪತ್ರಕರ್ತರು ವಿಚಾರಿಸಿದಾಗ, ವ್ಯವಸ್ಥೆಯನ್ನು ಪರೀಕ್ಷಿಸಲು ಸಿಬ್ಬಂದಿ ಹಾಕಿದ್ದ ಮಾಹಿತಿ ಅಳಿಸದೆ ಉಳಿದಿತ್ತೆಂದು ಇಲಾಖೆ ತಿಳಿಸಿ, ಆ ಹೆಸರನ್ನು ಕಿತ್ತುಹಾಕಿತು. ಅಗ್ರಬಾದ ಸುಲ್ತಾನನು ಇದನ್ನು ಗಮನಿಸಿ, ತನ್ನ ಊರೂ ಪರೀಕ್ಷೆಗೆಂದು ಹಾಕಿದ್ದು ಮಾತ್ರವೆಂದು ವಾಷಿಂಗ್ಟನ್ನಿಗೆ ಸಕಾಲದಲ್ಲಿ ಒಂದು ಅರ್ಜಿ ಗುಜರಾಯಿಸುವುದು ಒಳ್ಳೆಯದು. ಕಂಬಳಿಯ ಮೂಲಕ ಕಳುಹಿಸುವುದಾದರೆ ಅದನ್ನು ಹೊಡೆದುರುಳಿಸುವ ಕುರಿತು ಇನ್ನೂ ಸಮೀಕ್ಷೆ ನಡೆದಿಲ್ಲ.