ಸ್ಪಷ್ಟನೆ: ಕೊಲೊರಾಡೊ ಮೊದಲ ಆಯ್ಕೆಯನ್ನು ಮಾರಿಕೊಂಡಿರಲಿಲ್ಲ

ಪುಣೆಯ ನಮ್ಮ ಕನ್ನಡ ಗೆಳೆಯರ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: '2017ರ ಡ್ರಾಫ್ಟ್‌ನಲ್ಲಿ ಕೊಲೊರಾಡೊ ಅವಲಾಂಚ್ ಆಡಳಿತ ತನ್ನ ಮೊದಲ ಆಯ್ಕೆಯನ್ನು ಮಾರಿ ನಾಲ್ಕಕ್ಕೆ ಇಳಿಯಿತು.' (ಅವಲಾಂಚ್ ಅಮೆರಿಕದ ಐಸ್ ಹಾಕಿ ತಂಡ; ಡ್ರಾಫ್ಟ್ ಎಂದರೆ ತಂಡಗಳು ಸರದಿಯಂತೆ ಹೊಸ ಯುವ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ.) ಈ ಸಂದೇಶ ತಪ್ಪು. ಶನಿವಾರ ನಾನೂ ಇದನ್ನು ಕಳಿಸಿದ್ದೆ, ಕ್ಷಮಿಸಿ.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಮೊದಲ ಆಯ್ಕೆ ಯಾರಿಗೆಂದು ತೀರ್ಮಾನಿಸುವುದು ಲಾಟರಿ. ಕೊನೆಯ ಸ್ಥಾನದ ತಂಡಕ್ಕೆ ಅವಕಾಶ ಹೆಚ್ಚು, ಆದರೆ ಖಾತ್ರಿಯಿಲ್ಲ. 82 ಪಂದ್ಯಗಳಲ್ಲಿ ಬರೀ 48 ಅಂಕ ಗಳಿಸಿ ಕೊನೆಯ ಸ್ಥಾನದಲ್ಲಿದ್ದ (ಆ ಸೀಸನ್ ನೋಡಲು ಸಂಕಟವಾಗುತ್ತಿತ್ತು) ಕೊಲೊರಾಡೊಗೆ ಏಪ್ರಿಲ್‌ನ ಲಾಟರಿಯಲ್ಲಿ ಬಂದದ್ದೇ ನಾಲ್ಕನೆಯ ಆಯ್ಕೆ; ಮೊದಲನೆಯದು ನ್ಯೂಜೆರ್ಸಿ ಡೆವಿಲ್ಸ್ ಪಾಲಾಯಿತು. ಲೀಗ್ ಪ್ರಕಟಿಸಿದ ಫಲಿತಾಂಶ ಇದೇ. ಆ ನಾಲ್ಕನೆಯ ಆಯ್ಕೆಯಲ್ಲಿ ಸಿಕ್ಕವರು ಕೇಲ್ ಮಕಾರ್. 2022ರಲ್ಲಿ ತಂಡ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ (ಸೀಸನ್ ಕೊನೆಯ ನಾಕೌಟ್ ಸುತ್ತುಗಳ) ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದೇ.

ಆಡಳಿತದ ಬೇರೆ ತಪ್ಪುಗಳನ್ನು ಖಂಡಿತ ಚರ್ಚಿಸೋಣ. ಈ ಸಂದೇಶವನ್ನು ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ.