ಗರ್ಭಕೋಶ ತೆಗೆಸಿದರೆ ಮೈಬಿಸಿ ನಿಲ್ಲುವುದಿಲ್ಲ

"ಮುಟ್ಟು ನಿಲ್ಲುವ ವಯಸ್ಸಲ್ಲಿ ಗರ್ಭಕೋಶ ತೆಗೆಸಿಬಿಡಿ, ಮೈಬಿಸಿ, ಬೆವರು, ನಿದ್ದೆಗೇಡು ಎಲ್ಲ ಹೋಗುತ್ತೆ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಈ ತೊಂದರೆಗೆ ಕಾರಣ ಗರ್ಭಕೋಶವಲ್ಲ, ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇಳಿಯುವುದು. ಆಪರೇಷನ್‌ನಲ್ಲಿ ಅಂಡಾಶಯವನ್ನೂ ತೆಗೆದರೆ ಆ ಹಾರ್ಮೋನ್ ಒಮ್ಮೆಲೇ ಕುಸಿದು, ಮೈಬಿಸಿ ಇನ್ನೂ ಜಾಸ್ತಿಯಾಗಬಹುದು, ಮೂಳೆಯೂ ಬೇಗ ಸವೆಯುತ್ತದೆ. ಗೆಡ್ಡೆ, ಕ್ಯಾನ್ಸರ್ ಇದ್ದರೆ ಆ ಮಾತು ಬೇರೆ.

"ನಾಲ್ಕು ತಿಂಗಳು ತಡ್ಕೊಳ್ಳಿ" ಎನ್ನುವುದೂ ಸರಿಯಲ್ಲ. ಎಷ್ಟೋ ಜನಕ್ಕೆ ಈ ಮೈಬಿಸಿ, ಬೆವರು 7 ವರ್ಷ ದಾಟುತ್ತದೆ. ರಾತ್ರಿಯಿಡೀ ಎಚ್ಚರವಿದ್ದು ಬೆಳಗ್ಗೆ ಮನೆ, ಕೆಲಸ ಎರಡನ್ನೂ ನೋಡಿಕೊಳ್ಳುವವರಿಗೆ ಸುಮ್ನೆ ಸಹಿಸಿಕೊಳ್ಳಿ ಎನ್ನುವುದು ಅನ್ಯಾಯ ಅಲ್ವಾ? ಹಾರ್ಮೋನ್ ಚಿಕಿತ್ಸೆ ಇದೆ, ಅದು ಹೊಂದದವರಿಗೆ ಬೇರೆ ಮಾತ್ರೆಗಳೂ ಇವೆ, ಡಾಕ್ಟರನ್ನು ಕೇಳಿ. 12 ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ.